ದಪ್ಪ ಪುಸ್ತಕ, ಆ್ಯಪ್, ತೆಳು ಕೈಪಿಡಿ: ಪತಂಗ ಗುರುತಿಸಲು ಯಾವುದು ಒದಗಿತು?

ಪತಂಗಗಳ ಗೀಳು ಹತ್ತಿದ ಮೊದಲ ವರ್ಷದಲ್ಲಿ ನಾನು ಮೂರು ಸಾಧನಗಳನ್ನು ನೆಚ್ಚಿಕೊಂಡಿದ್ದೆ: ಪಿನ್ನು ಚುಚ್ಚಿ ರೆಕ್ಕೆ ಹರಡಿದ ಮಾದರಿಗಳ ಬಣ್ಣದ ಪುಟಗಳಿರುವ ಒಂದು ದಪ್ಪ ಪುಸ್ತಕ, ಫೋಟೊ ಕೊಟ್ಟರೆ ಹೆಸರು ಸೂಚಿಸುವ ಒಂದು ಉಚಿತ ಆ್ಯಪ್, ಮತ್ತು ಪತಂಗಗಳನ್ನು ಅವು ಕೂತಿರುವ ಭಂಗಿಯಲ್ಲೇ ಚಿತ್ರಿಸಿರುವ ಒಂದು ತೆಳು ಕೈಪಿಡಿ. ನನ್ನ ಒಲವು ಕೈಪಿಡಿಯ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ದಪ್ಪ ಪುಸ್ತಕಕ್ಕೆ ಸುರಿದ ಹಣದಲ್ಲಿ ಅಂಥ ನಾಲ್ಕು ಕೈಪಿಡಿಗಳು ಬರುತ್ತಿದ್ದವಲ್ಲ ಎಂಬ ಸಂಕಟವೂ ಈ ಹೋಲಿಕೆಯ ಹಿಂದಿದೆ.

ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದಿರುವ ಪತಂಗ ಪ್ರಭೇದಗಳು ಸುಮಾರು 1,60,000 ಎಂದು ಓದಿದ್ದರಿಂದ, ಚಿತ್ರಗಳು ಹೆಚ್ಚಿದ್ದಷ್ಟೂ ಪುಸ್ತಕ ಉಪಯುಕ್ತ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ಮೊದಲ ರಾತ್ರಿಯೇ ತಪ್ಪಿತು. ದೀಪದ ಮುಂದೆ ಕಟ್ಟಿದ್ದ ಬಿಳಿ ಬಟ್ಟೆಗೆ ಬಂದು ಕೂತ ಬೂದು ಬಣ್ಣದ ಪತಂಗ ತನ್ನ ಮುಂರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಬಿಟ್ಟು, ಹಿಂರೆಕ್ಕೆಗಳನ್ನು ಅವುಗಳಡಿ ಪೂರ್ತಿ ಅಡಗಿಸಿಕೊಂಡಿತ್ತು. ಪುಸ್ತಕದ ಮಾದರಿಗಳೋ, ಮುಂರೆಕ್ಕೆಯ ಹಿಂಬದಿಯ ಅಂಚು ದೇಹಕ್ಕೆ ಲಂಬವಾಗುವಷ್ಟು ಮೇಲಕ್ಕೆಳೆದು, ಹಿಂರೆಕ್ಕೆಯ ಒಂದೊಂದು ಪಟ್ಟೆಯೂ ಕಾಣುವಂತೆ ಹರಡಿದವು. ಸಂಗ್ರಹಾಲಯದಲ್ಲಿ ಮಾದರಿಗಳನ್ನು ಹೋಲಿಸುವವರಿಗೆ ಅದೇ ಸರಿಯಾದ ಕ್ರಮ. ಆದರೆ ಪುಟವೊಂದರಲ್ಲಿ ಸಾಲಾಗಿ ಮಲಗಿದ್ದ ನಲವತ್ತು ಪತಂಗಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಮಡಚಿ ಕೂರಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು, ಅಷ್ಟರಲ್ಲಿ ಬಟ್ಟೆಯ ಮೇಲಿದ್ದದ್ದು ಹಾರಿಹೋಗಿತ್ತು.

ಅಳತೆಯದು ಇನ್ನೊಂದು ಕಿರಿಕಿರಿ. ಆ ಪುಸ್ತಕ ಕೊಡುವುದು ರೆಕ್ಕೆಗಳ ಹರವನ್ನು, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಯ ಅಂತರವನ್ನು. ಜೀವಂತ ಪತಂಗ ರೆಕ್ಕೆ ಹರಡಿ ಅಳೆಸಿಕೊಳ್ಳುವುದಿಲ್ಲ. ಪಾರದರ್ಶಕ ಡಬ್ಬಿಯಲ್ಲಿ ಅದನ್ನು ಕೂರಿಸಿ, ಕೆಳಗೆ ಸ್ಕೇಲು ಇಟ್ಟರೆ ಸಿಗುವುದು ಮುಂರೆಕ್ಕೆಯ ಬುಡದಿಂದ ತುದಿಯವರೆಗಿನ ಉದ್ದ ಮಾತ್ರ. ಆಮೇಲೆ ಸಿಕ್ಕ ಅಂಥದ್ದೇ ಬೂದು ಪತಂಗಕ್ಕೆ ಅದು 17 ಮಿಲಿಮೀಟರ್ ಬಂತು. ಅದನ್ನು ಎರಡರಿಂದ ಗುಣಿಸಿ, ಎದೆಯ ಅಗಲ ಸೇರಿಸಿ ಹರವನ್ನು ಊಹಿಸಬಹುದು; ಆದರೆ ಮಾದರಿ ಹರಡುವಾಗ ರೆಕ್ಕೆಯನ್ನು ಎಷ್ಟು ಮುಂದಕ್ಕೆಳೆದರು ಎಂಬುದರ ಮೇಲೆ ಆ ಹರವೇ ಬದಲಾಗುವುದರಿಂದ, ನನ್ನ ಊಹೆಗೆ ಎರಡು ಪುಟಗಳ ಪತಂಗಗಳೆಲ್ಲ ಹೊಂದುತ್ತಿದ್ದವು. ಕೈಪಿಡಿಯಲ್ಲಿ ಮುಂರೆಕ್ಕೆಯ ಉದ್ದವನ್ನೇ ಕೊಟ್ಟಿದ್ದಾರೆ. ಈ ಒಂದೇ ಕಾರಣಕ್ಕೆ ಅದನ್ನು ಕೊಳ್ಳಬಹುದು.

ಬಣ್ಣದ ವಿಷಯದಲ್ಲಿ ನಾನು ಮೂರು ರಾತ್ರಿ ಕಳೆದುಕೊಂಡೆ. ಎಳೆಯ ಎಲೆಯಂಥ ಹಸಿರು ಮೈಯ, ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿ ಕೂರುವ ಪುಟ್ಟ ಪತಂಗವೊಂದನ್ನು ಪುಸ್ತಕದ ಹಸಿರು ಚಿತ್ರಗಳಲ್ಲೆಲ್ಲ ಹುಡುಕಿ ಸೋತ ಮೇಲೆ, ಅದರದ್ದೇ ಗೆರೆಗಳು ಒಣಹುಲ್ಲಿನ ಬಣ್ಣದ ಮಾದರಿಯೊಂದರ ಮೇಲೆ ಕಣ್ಣಿಗೆ ಬಿದ್ದವು. ಇಂಥ ಪತಂಗಗಳ ಹಸಿರು ತೇವಕ್ಕೂ ಬೆಳಕಿಗೂ ಸಿಕ್ಕಿ ಹಳದಿಗೆ ತಿರುಗುತ್ತದೆ. ಹಳೆಯ ಮಾದರಿಯ ಫೋಟೊ ಎಷ್ಟೇ ಚೆನ್ನಾಗಿದ್ದರೂ ಮಾಸಿದ ಬಣ್ಣವನ್ನಷ್ಟೇ ತೋರಿಸಬಲ್ಲದು.

ಆ್ಯಪ್ ಚುರುಕು, ಅದಕ್ಕೆ ಖರ್ಚಿಲ್ಲ, ಮತ್ತು ಏನೂ ತಿಳಿಯದವನನ್ನು ಸರಿಯಾದ ಕುಟುಂಬದ ಬಾಗಿಲಿಗಾದರೂ ತಂದು ನಿಲ್ಲಿಸುತ್ತದೆ. ಫೋಟೊದಲ್ಲಿ ಕಾಣದ್ದನ್ನು ಮಾತ್ರ ಅದೂ ಕಾಣದು. ಎದೆಯ ಮೇಲೆ ತಲೆಬುರುಡೆಯ ಗುರುತುಳ್ಳ ದೊಡ್ಡ ಪತಂಗವೊಂದು ಬಂದಾಗ, ಮೇಲಿನಿಂದ ತೆಗೆದ ಚಿತ್ರವನ್ನು ನೋಡಿ ಆ್ಯಪ್ ಒಂದೇ ಏಟಿಗೆ ಅಕೆರೋಂಟಿಯಾ ಲ್ಯಾಕೆಸಿಸ್ ಎಂದಿತು. ಹುಲ್ಲುಕಡ್ಡಿಯಿಂದ ಮೆಲ್ಲಗೆ ತಟ್ಟಿದೆ. ಪತಂಗ ಇಲಿಮರಿಯಂತೆ ಕೀಚ್ ಎಂದು ಕೂಗಿ (ಈ ಕುಲದವು ನಿಜಕ್ಕೂ ಕೂಗುತ್ತವೆ) ಮುಂರೆಕ್ಕೆ ಎತ್ತಿತು. ಅಡಿಯಲ್ಲಿದ್ದ ಹಿಂರೆಕ್ಕೆ ಹಳದಿ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಲ್ಯಾಕೆಸಿಸ್ ಆಗಿದ್ದರೆ ಬುಡದಲ್ಲಿ ದೊಡ್ಡ ಕಪ್ಪು ಮಚ್ಚೆ ಇರಬೇಕಿತ್ತು. ಇದು ಅಕೆರೋಂಟಿಯಾ ಸ್ಟಿಕ್ಸ್. ಹಿಂರೆಕ್ಕೆ ಕಾಣುವ ಎರಡನೆಯ ಫೋಟೊ ಕೊಟ್ಟೊಡನೆ ಆ್ಯಪ್ ಕೂಡ ಮಾತು ಬದಲಿಸಿತು, ಆದರೆ ಆ ಎರಡನೆಯ ಫೋಟೊ ಬೇಕೆಂದು ಅದಾಗಿ ಕೇಳಿರಲಿಲ್ಲ.

ಫ್ಲ್ಯಾಶ್ ಹಾಕಿದರೆ ರೆಕ್ಕೆಯ ಮೇಲಿನ ಹುಡಿಯಂಥ ಹುರುಪೆಗಳು ಮಿಂಚಿ ಬಣ್ಣ ಕೆಡುತ್ತದೆ. ರೆಕ್ಕೆ ಸವೆದ ಹಳೆಯ ಪತಂಗಗಳ ಮುಂದೆ ಮೂರೂ ಸಾಧನಗಳು ಸೋಲುತ್ತವೆ.

ಪ್ರಭೇದ ಸಿಕ್ಕಿದೊಡನೆ ಉಪಪ್ರಭೇದವೂ ಬೇಕೆನಿಸುವುದು ಹೊಸಬರ ಚಪಲ, ನನಗೂ ಅದು ಬಂದಿತ್ತು. ದಪ್ಪ ಪುಸ್ತಕ ಕೊನೆಯಲ್ಲಿ ಉಪಪ್ರಭೇದವನ್ನೂ ಸೇರಿಸಿದ ಮೂರು ಪದಗಳ ಹೆಸರುಗಳನ್ನು ಧಾರಾಳವಾಗಿ ಕೊಡುವುದರಿಂದ, ತುಸು ಕಪ್ಪಾದ ಪತಂಗವೊಂದು ಸಿಕ್ಕಾಗ ಅದಕ್ಕೆ ದೂರದ ಪ್ರದೇಶದ ಉಪಪ್ರಭೇದದ ಹೆಸರು ಹಚ್ಚಿ ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ. ಒಂದೇ ಪ್ರಭೇದದ ಉಪಪ್ರಭೇದಗಳು ಸಾಮಾನ್ಯವಾಗಿ ಬೇರೆ ಬೇರೆ ಪ್ರದೇಶಗಳಲ್ಲಿ ನೆಲೆಸಿರುತ್ತವೆ. ಒಂದೇ ಬಟ್ಟೆಯ ಮೇಲೆ ಅಕ್ಕಪಕ್ಕ ಕೂತ ಕಪ್ಪು ಮತ್ತು ಬಿಳಿ ಪತಂಗಗಳು ಬಹುಪಾಲು ಒಂದೇ ಪ್ರಭೇದದ ಎರಡು ರೂಪಗಳಾಗಿರುತ್ತವೆ, ಇಲ್ಲವೇ ಎರಡು ಬೇರೆ ಪ್ರಭೇದಗಳೇ ಆಗಿರುತ್ತವೆ. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಿಕ್ಕ, ಪಠ್ಯಪುಸ್ತಕಗಳಲ್ಲೆಲ್ಲ ಬರುವ ಕಪ್ಪು ಬಿಸ್ಟನ್ ಬೆಟುಲಾರಿಯಾ ಪತಂಗ ಕೂಡ ಉಪಪ್ರಭೇದವಲ್ಲ, ಒಂದು ರೂಪ. ಮುದ್ರಿತ ಹೆಸರುಗಳು ಹಳತಾಗುವ ತೊಂದರೆಯೂ ಇದೆ: ಆಕ್ಟಿಯಾಸ್ ಸೆಲೆನೆ ಎಂಬ ದೊಡ್ಡ ಚಂದ್ರ ಪತಂಗದ ಉಪಪ್ರಭೇದವೆಂದು ಹಿಂದೆ ಎಣಿಸುತ್ತಿದ್ದ ನಿಂಗ್ಪೊಆನಾವನ್ನು ಈಗ ಸ್ವತಂತ್ರ ಪ್ರಭೇದವಾಗಿ ಪರಿಗಣಿಸುತ್ತಾರೆ. ಇಲ್ಲಿ ಮಾತ್ರ ಆ್ಯಪ್ ಮುಂದು, ಏಕೆಂದರೆ ಅದರ ಪಟ್ಟಿಯನ್ನು ತಿದ್ದುತ್ತಲೇ ಇರುತ್ತಾರೆ.

ಕೈಪಿಡಿಯಲ್ಲಿ ಪ್ರಭೇದಗಳು ಕಡಿಮೆ, ತೀರಾ ಪುಟ್ಟ ಪತಂಗಗಳನ್ನು ಬಿಟ್ಟೇ ಬಿಟ್ಟಿದ್ದಾರೆ. ಆದರೂ ನೋಡುವುದು ಹೇಗೆಂದು ನನಗೆ ಕಲಿಸಿದ್ದು ಅದೇ. ಪ್ರತಿ ಚಿತ್ರದಲ್ಲೂ ಒಂದೋ ಎರಡೋ ಬಾಣದ ಗುರುತುಗಳಿರುತ್ತವೆ: ಮುಂರೆಕ್ಕೆಯ ನಡುವಿನ ಮೂತ್ರಪಿಂಡದಾಕಾರದ ಮಚ್ಚೆಯ ಒಳಗೆ ಬಿಳಿ ಅಂಚಿದೆಯೇ, ಅದರ ಪಕ್ಕದ ದುಂಡು ಮಚ್ಚೆ ಪೂರ್ತಿ ಮುಚ್ಚಿದೆಯೇ, ಕುಡಿಮೀಸೆ ದಾರದಂತಿದೆಯೋ ಬಾಚಣಿಗೆಯಂತಿದೆಯೋ. ಹತ್ತು ಪಟ್ಟು ದೊಡ್ಡದಾಗಿಸುವ ಸಣ್ಣ ಭೂತಗನ್ನಡಿಯೊಂದು ಕೈಯಲ್ಲಿದ್ದರೆ ಇದಿಷ್ಟೂ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲಿ ನಿಲ್ಲಬೇಕೆಂದೂ ಅದು ಹೇಳುತ್ತದೆ. ಯುರೋಪಿನ ಅಕ್ರೊನಿಕ್ಟಾ ಸೈ ಮತ್ತು ಅಕ್ರೊನಿಕ್ಟಾ ಟ್ರೈಡೆನ್ಸ್ ಪತಂಗಗಳ ಮರಿಹುಳುಗಳು ನೋಡಿದೊಡನೆ ಬೇರೆ ಎನಿಸಿದರೂ, ಬೆಳೆದ ಪತಂಗಗಳನ್ನು ಜನನಾಂಗ ಪರೀಕ್ಷಿಸದೆ ಖಚಿತವಾಗಿ ಬೇರ್ಪಡಿಸಲಾಗದು. ಅಂಥ ಜೋಡಿಗಳ ಮುಂದೆ ಕೈಪಿಡಿ ‘ಎರಡರಲ್ಲೊಂದು’ ಎಂದಷ್ಟೇ ಬರೆದುಕೊಳ್ಳಲು ಹೇಳುತ್ತದೆ.

ನಾನು ರಾತ್ರಿ ಊಟವಾದ ಮೇಲೆ ಒಂದು ಗಂಟೆ ಬಟ್ಟೆಯ ಮುಂದೆ ಕೂರುವವನು, ಪತಂಗವನ್ನು ಕೊಲ್ಲುವವನಲ್ಲ, ಇನ್ನೊಂದು ದುಬಾರಿ ಪುಸ್ತಕಕ್ಕೆ ಹಣವೂ ಇಲ್ಲ. ಹಾಗಾಗಿ ಕೈಪಿಡಿ, ಡಬ್ಬಿ, ಭೂತಗನ್ನಡಿ ಮೊದಲು. ಅವು ಕೈಕೊಟ್ಟರೆ ಆ್ಯಪ್. ಸಂಗ್ರಹಾಲಯದ ಮಾದರಿಗಳ ಜೊತೆ ಕೆಲಸ ಮಾಡುವವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬಹುದು. ದಪ್ಪ ಪುಸ್ತಕ ಈಗ ಕಪಾಟಿನ ಮೇಲಿನ ಸಾಲಿನಲ್ಲಿದೆ, ದೀಪದ ಗಾಜಿನೊಳಗೆ ರೆಕ್ಕೆ ಹರಡಿಕೊಂಡು ಸತ್ತುಬಿದ್ದ ಪತಂಗ ಸಿಕ್ಕಾಗ ಮಾತ್ರ ಅದನ್ನು ಇಳಿಸುತ್ತೇನೆ.