ಎಂಬತ್ತರ ದಶಕಕ್ಕೆ ಮೂರು ಸರಣಿ: ನನಗೆ ಹಿಡಿಸಿದ್ದು ಯಾವುದು?

ಅಮೆರಿಕದ ಎಂಬತ್ತರ ದಶಕವನ್ನು ನಾನು ಕಂಡವನಲ್ಲ. ಅದಕ್ಕೇ ಆ ಕಾಲದ ಬಗ್ಗೆ ಬಂದ ಮೂರು ಟಿವಿ ಸರಣಿಗಳನ್ನು ಒಂದರ ಹಿಂದೊಂದು ನೋಡಿದೆ.

ಮೊದಲು ಅಮೆರಿಕದ ಟಿವಿ ವಾಹಿನಿ ವಿಎಚ್ ಒನ್ 2002ರಲ್ಲಿ ತಂದ ‘ಐ ಲವ್ ದ ಏಯ್ಟೀಸ್’. ವರ್ಷಕ್ಕೊಂದರಂತೆ ಹತ್ತು ಕಂತು. ಆಟಿಕೆ, ಹಾಡು, ಕೂದಲ ಸ್ಟೈಲ್ ಏನೇ ಬರಲಿ, ಹಾಸ್ಯಗಾರರದ್ದೊಂದು ಚಟಾಕಿ. ಮಜಾ ಇದೆ, ಸುಳ್ಳು ಹೇಳಲ್ಲ. ಆದರೆ ಹಳೇ ಗೆಳೆಯರ ಹರಟೆಗೆ ಹೊಸಬ ಹೋಗಿ ಕೂತಂತೆ ಆಯಿತು. ಎಲ್ಲರೂ ನಗುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. ಮೂರನೇ ಕಂತಿಗೆ ಮೊಬೈಲ್ ಕೈಗೆ ಬಂದಿತ್ತು.

ನ್ಯಾಷನಲ್ ಜಿಯಾಗ್ರಫಿಕ್‌ನ 2013ರ ಸರಣಿಗೆ ನಟ ರಾಬ್ ಲೋ ದನಿ. ಅದರ ಹೆಸರಲ್ಲೇ ‘ನಮ್ಮನ್ನು ರೂಪಿಸಿದ ದಶಕ’ ಅಂತಿದೆ. ಇಂದಿನದೆಲ್ಲ ಹುಟ್ಟಿದ್ದು ಆಗಲೇ ಎಂಬ ಧಾಟಿ ಸ್ವಲ್ಪ ಜಾಸ್ತಿಯಾಯಿತು.

ಸಿಎನ್‌ಎನ್‌ನ ‘ದ ಏಯ್ಟೀಸ್’ (2016) ಏಳು ಕಂತು. ನಿರೂಪಕನೇ ಇಲ್ಲ. ಹಳೇ ದೃಶ್ಯ, ಮಾತಾಡುವವರು, ಅಷ್ಟೇ. ಮೊದಲ ಅರ್ಧ ಗಂಟೆ ಕೈ ಹಿಡಿದು ನಡೆಸುವವರಿಲ್ಲದೆ ತಡಕಾಡಿದೆ. ಆಮೇಲೆ ಅದೇ ಇಷ್ಟವಾಯಿತು. ಶುರುವಾಗುವುದೇ ಟಿವಿಯಿಂದ, ಅದು ಸರಿಯೇ. 1983ರ ಫೆಬ್ರವರಿ 28ರಂದು ‘ಮ್ಯಾಶ್’ ಧಾರಾವಾಹಿಯ ಕೊನೆಯ ಕಂತನ್ನು ಹತ್ತು ಕೋಟಿಗೂ ಹೆಚ್ಚು ಜನ ನೋಡಿದ್ದರು. ಇಡೀ ದೇಶ ಒಂದೇ ಪರದೆಯ ಮುಂದೆ ಕೂರುತ್ತಿದ್ದ ಕಾಲ ಅದು.

ಏಡ್ಸ್‌ಗೆ ಇಲ್ಲಿ ಪೂರ್ತಿ ಒಂದು ಕಂತು. 1981ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಐದು ಯುವಕರ ಬಗ್ಗೆ ಬಂದ ಸಣ್ಣ ವೈದ್ಯಕೀಯ ವರದಿಯಿಂದ ಆ ಕಥೆ ಶುರು. ಅಧ್ಯಕ್ಷ ರೇಗನ್ ಅದರ ಬಗ್ಗೆ ಬಾಯಿ ಬಿಡಲು ವರ್ಷಗಳೇ ಹಿಡಿದವು. ಒಂದು ತಲೆಮಾರು ಬರೀ ಹಾಡು, ಬಟ್ಟೆಯಿಂದ ಆಗಲಿಲ್ಲ, ಸಾವಿನಿಂದಲೂ ಆಯಿತು ಅಂತ ನನಗೆ ಹೊಳೆದದ್ದು ಆ ರಾತ್ರಿ.

ಇದಕ್ಕೂ ಒಂದು ಕೊರತೆ ಇದೆ. ವಿಷಯಕ್ಕೊಂದು ಕಂತು ಆದ್ದರಿಂದ ವರ್ಷಗಳು ಚೂರಾಗುತ್ತವೆ. ಮೈಕಲ್ ಜಾಕ್ಸನ್ ಟಿವಿಯಲ್ಲಿ ಮೂನ್‌ವಾಕ್ ಮಾಡಿದ್ದೂ 1983ರಲ್ಲೇ. ಅದನ್ನು ಕಂಡು ಕುಣಿದ ಹುಡುಗನೇ ಮರುದಿನ ಆ ಕಾಯಿಲೆಯ ಸುದ್ದಿಯನ್ನೂ ಓದಿರಬಹುದು, ಅಲ್ವಾ? ವರ್ಷವಾರು ಸಾಗುವ ವಿಎಚ್ ಒನ್ ಗೆಲ್ಲುವುದು ಇಲ್ಲೇ.

ಹಾಗಾಗಿ ಸಿಎನ್‌ಎನ್ ಮುಗಿಸಿದ ಮೇಲೆ ವಿಎಚ್ ಒನ್‌ನ 1983ರ ಕಂತಿಗೆ ಮತ್ತೆ ಹೋದೆ. ಈ ಸಲ ಜೋಕುಗಳಲ್ಲಿ ಅರ್ಧದಷ್ಟಾದರೂ ಅರ್ಥವಾದವು.