ಸಿ.ಎಫ್. ಇರುವ ಮಕ್ಕಳಿಗೆ ಕಫ ಪರೀಕ್ಷೆ ಮಾಡದೆ ಟಿಬಿ ಮಾತ್ರೆ ಶುರು ಮಾಡಲು ಬಿಡಬೇಡಿ

ಸಿಸ್ಟಿಕ್ ಫೈಬ್ರೋಸಿಸ್ (ಸಿ.ಎಫ್.) ಇರುವ ಮಗು ನಿಮ್ಮ ಮನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ. ಸಿ.ಎಫ್. ಅಂದರೆ ಜೀನಿನ ದೋಷದಿಂದ ಹುಟ್ಟಿನಿಂದಲೇ ಬರುವ ಕಾಯಿಲೆ, ಕಫ ಗಟ್ಟಿಯಾಗಿ ಶ್ವಾಸಕೋಶದಲ್ಲೇ ನಿಲ್ಲುತ್ತದೆ. ನಮ್ಮ ರಾಯಚೂರು, ಕೊಪ್ಪಳ ಕಡೆ ಈ ಕಾಯಿಲೆಯನ್ನು ನೋಡಿರುವ ಡಾಕ್ಟರುಗಳೇ ಕಡಿಮೆ. ಟಿಬಿ ಮಾತ್ರ ಎಲ್ಲರಿಗೂ ಗೊತ್ತು. ಹಾಗಾಗಿ ಕೆಮ್ಮು, ಸಣಕಲು ಮೈ, ಎಕ್ಸ್‌ರೇಯಲ್ಲಿ ಮಚ್ಚೆ ಕಂಡರೆ ಮೊದಲು ಬಾಯಿಗೆ ಬರುವುದು ಅದೇ ಹೆಸರು.

ನಾವು ಸಿಂಧನೂರಿನವರು. ಮಗಳಿಗೆ ಈಗ ಹದಿನೈದು ವರ್ಷ. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಅವಳ ಫ್ರಾಕಿನ ಮೇಲೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ ಬೀಳುತ್ತಿತ್ತು. ಬೆಂಗಳೂರಿನಲ್ಲಿ ಬೆವರಿನ ಪರೀಕ್ಷೆ ಮಾಡಿಸಿದಾಗ ಸಿ.ಎಫ್. ಅಂತ ಗೊತ್ತಾಯಿತು. ಬೆವರಿನ ಕ್ಲೋರೈಡ್ 60 ದಾಟಿದರೆ ಈ ಕಾಯಿಲೆ ಅಂತ ಲೆಕ್ಕ, ಅವಳದು ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಅಂದಿನಿಂದ ಊಟದ ಜೊತೆ ಎನ್ಜೈಮ್ ಕ್ಯಾಪ್ಸೂಲು, ಉಪ್ಪುನೀರಿನ ನೆಬ್ಯುಲೈಸರು, ಎ, ಡಿ, ಇ, ಕೆ ವಿಟಮಿನ್ನು ನಡೆದೇ ಇದೆ. ಹೋದ ವರ್ಷದಿಂದ ಮೂರು ಔಷಧಿ ಸೇರಿದ ಹೊಸ ಮಾತ್ರೆಯನ್ನೂ ಹೊರದೇಶದಿಂದ ತರಿಸುತ್ತಿದ್ದೇವೆ. ಎಲೆಕ್ಸಾಕಾಫ್ಟರ್, ಟೆಜಾಕಾಫ್ಟರ್, ಐವಾಕಾಫ್ಟರ್. ಆ ದುಡ್ಡಿನ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಮಾತ್ರೆ ಕೆಲಸ ಮಾಡಿತು, ತೂಕ ಏರಿತು, ಶಾಲೆ ತಪ್ಪುವುದು ನಿಂತಿತು.

ಈ ಬೇಸಿಗೆಯಲ್ಲಿ ಕೆಮ್ಮು ಮತ್ತೆ ಶುರುವಾಯಿತು, ಜೊತೆಗೆ ಜ್ವರ. ಹತ್ತಿರದ ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಬೆಂಗಳೂರಿನ ಫೈಲು ಮುಂದಿಟ್ಟೆ. ಆ ಡಾಕ್ಟರು ಅದನ್ನು ಬಿಚ್ಚಲೇ ಇಲ್ಲ. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು, "ಮೇಲಿನ ಭಾಗದಾಗ ಹಿಡಿದೈತಿ, ಪಕ್ಕಾ ಟಿಬಿ" ಅಂದರು. ಸಿ.ಎಫ್. ಅಂತ ಹೇಳಿದ್ದಕ್ಕೆ, "ಅದೇನಿದ್ರೂ ಆಮೇಲೆ ನೋಡೋಣು." ಕಫ ಕೇಳಲಿಲ್ಲ. ನಾಲ್ಕು ಟಿಬಿ ಔಷಧಿ ಒಂದರಲ್ಲೇ ಇರುವ ಮಾತ್ರೆ ಬರೆದುಕೊಟ್ಟರು. ಜೊತೆಗೆ ಒಂದು ಲಿವರ್ ಟಾನಿಕ್ಕು, ಸುಮ್ನೆ ಇರಲಿ ಅಂತ.

ಸಿ.ಎಫ್.ನಲ್ಲೂ ಶ್ವಾಸಕೋಶದ ಮೇಲಿನ ಭಾಗವೇ ಮೊದಲು ಹಾಳಾಗುವುದು ಜಾಸ್ತಿ. ಟಿಬಿಯಲ್ಲೂ ಅಷ್ಟೇ. ಬರೀ ಎಕ್ಸ್‌ರೇ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಇದು ನನಗೆ ಬೆಂಗಳೂರಿನಲ್ಲಿ ತಿಳಿದದ್ದು, ಆ ಹೊತ್ತಿಗೆ ಅವಳ ಕಣ್ಣು ಹಳದಿ ಆಗಿತ್ತು.

ಕಾಮಣಿ ಆಗಿದೆ ಅಂತ ಗೊತ್ತಾಗುವುದೇ ತಡವಾಯಿತು. ಅದಕ್ಕೂ ಕಾರಣ ಇದೆ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುತ್ತದೆ. ಅದು ಔಷಧಿಯ ಬಣ್ಣ ಅಷ್ಟೇ. "ಮೂತ್ರ ಕೆಂಪಾದ್ರ ಹೆದರಬ್ಯಾಡ್ರಿ" ಅಂತ ಕ್ಲಿನಿಕ್ಕಿನಲ್ಲಿ ಹೇಳಿಯೇ ಕಳಿಸಿದ್ದರು. ಆದರೆ ಲಿವರು ಕೆಟ್ಟಾಗಲೂ ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ, ಅಲ್ವಾ? ಒಂದು ಬಣ್ಣದಲ್ಲಿ ಇನ್ನೊಂದು ಮುಚ್ಚಿಹೋಯಿತು. ಊಟ ಸೇರುತ್ತಿರಲಿಲ್ಲ, ವಾಂತಿ ಬರುತ್ತಿತ್ತು. ಫೋನು ಮಾಡಿದರೆ ಟಿಬಿ ಮಾತ್ರೆ ಶುರುವಿನಲ್ಲಿ ಹಾಗೇ, ನಿಲ್ಲಿಸಬೇಡಿ ಅಂದರು. ಆ ಮಾತ್ರೆ ತಿನ್ನುವವರು ಮೂತ್ರ ನೋಡಿ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಗುಡ್ಡೆ ನೋಡಿ. ಮೈ ಕಡಿತ, ಬಲಪಕ್ಕೆಯ ಕೆಳಗೆ ನೋವು, ಮಲ ಬಿಳಿಚಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಬೆಂಗಳೂರಿನಲ್ಲಿ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) ಇರಬೇಕಾದ್ದಕ್ಕಿಂತ ಹತ್ತು ಪಟ್ಟಿಗೂ ಮೇಲೆ ಬಂತು. ನಾಲ್ಕು ಟಿಬಿ ಔಷಧಿಗಳಲ್ಲಿ ಮೂರು ಲಿವರಿಗೆ ಪೆಟ್ಟು ಕೊಡಬಲ್ಲವು: ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್. ಇತ್ತ ಅವಳ ಸಿ.ಎಫ್. ಮಾತ್ರೆಗೂ ಲಿವರಿಗೆ ತೊಂದರೆ ಮಾಡುವ ಗುಣ ಇದೆ. ಅದೂ ಸಾಲದು ಅಂತ, ರಿಫಾಂಪಿಸಿನ್ ಲಿವರಿನಲ್ಲಿ ಔಷಧಿಗಳನ್ನು ಒಡೆಯುವ ಕೆಲಸವನ್ನು ಎಷ್ಟು ಚುರುಕು ಮಾಡುತ್ತದೆ ಅಂದರೆ ಐವಾಕಾಫ್ಟರ್ ರಕ್ತದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟೇ ಉಳಿಯುತ್ತದೆ. ಅಂದರೆ ಅಷ್ಟು ದುಡ್ಡು ಕೊಟ್ಟು ತಂದ ಮಾತ್ರೆ ಹೊಟ್ಟೆಗೆ ಹೋಗುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಈ ಎರಡನ್ನೂ ಜೊತೆಗೆ ಕೊಡಬಾರದು ಅಂತ ಮಾತ್ರೆಯ ಜೊತೆ ಬರುವ ಚೀಟಿಯಲ್ಲೇ ಬರೆದಿದೆ. ಆ ಚೀಟಿಯೂ ಫೈಲಿನಲ್ಲಿತ್ತು.

ಕಫದಲ್ಲಿ ಟಿಬಿ ಬ್ಯಾಕ್ಟೀರಿಯಾದ ಜೀನನ್ನೇ ಹುಡುಕುವ ಸಿಬಿನಾಟ್ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು. ಕಫದಲ್ಲಿ ಬೆಳೆದದ್ದು ಸುಡೋಮೋನಾಸ್, ಸಿ.ಎಫ್. ಮಕ್ಕಳನ್ನು ಯಾವಾಗಲೂ ಕಾಡುವ ಬ್ಯಾಕ್ಟೀರಿಯಾ. ಸಿಬಿನಾಟ್ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ. ಯಂತ್ರಕ್ಕೆ ಹಾಕಿದ ಮೇಲೆ ಸುಮಾರು ಎರಡು ತಾಸಿನಲ್ಲಿ ಉತ್ತರ ಬರುತ್ತದೆ. ಮೈಕ್ರೋಸ್ಕೋಪಿನಲ್ಲಿ ಮಾತ್ರ ನೋಡಿ ಟಿಬಿ ಅಂದರೂ ಸಿಬಿನಾಟ್ ಕೇಳಿ. ಟಿಬಿ ಜಾತಿಯದೇ ಬೇರೆ ಬ್ಯಾಕ್ಟೀರಿಯಾಗಳು ಸಿ.ಎಫ್. ಇರುವವರ ಕಫದಲ್ಲಿ ಸಿಗುತ್ತವೆ, ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಒಂದು ಮಾತು: ಸಿ.ಎಫ್. ಮಕ್ಕಳಿಗೂ ನಿಜವಾಗಿ ಟಿಬಿ ಬರಬಹುದು. ಬಂದರೆ ಔಷಧಿ ಬೇಕೇ ಬೇಕು. ಆಗ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬದಲಿಸಬೇಕು ಅನ್ನುವುದು ಸಿ.ಎಫ್. ನೋಡುವ ಡಾಕ್ಟರ ಕೆಲಸ. ಇದನ್ನು ಓದಿ ಯಾರೂ ತಾವಾಗಿ ಟಿಬಿ ಮಾತ್ರೆ ಬಿಡಬೇಡಿ.

ಇಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಂತು. ಸ್ಕ್ಯಾನಿನಲ್ಲಿ ಲಿವರು ಗಂಟುಗಂಟಾಗಿ ಕಂಡಿತು, ಗುಲ್ಮ ದೊಡ್ಡದಾಗಿತ್ತು. ಇದು ಟಿಬಿ ಮಾತ್ರೆಯಿಂದ ಆದದ್ದಲ್ಲ, ಮೊದಲಿನಿಂದಲೇ ಇತ್ತು. ಸಿ.ಎಫ್.ನಲ್ಲಿ ಪಿತ್ತನಾಳದ ಒಳಗೋಡೆಯಲ್ಲೂ ಅದೇ ಜೀನಿನ ದೋಷ ಇರುತ್ತದೆ. ಪಿತ್ತ ಕಾಕಂಬಿಯಂತೆ ಗಟ್ಟಿಯಾಗಿ ಸಣ್ಣ ನಾಳಗಳಲ್ಲಿ ನಿಲ್ಲುತ್ತದೆ, ಸುತ್ತಲಿನ ಲಿವರು ಕಲೆಗಟ್ಟುತ್ತದೆ. ನೂರರಲ್ಲಿ ಐದರಿಂದ ಹತ್ತು ಜನರಿಗೆ ಇದು ಲಿವರು ಕಲೆಗಟ್ಟಿ ಗಂಟುಗಂಟಾಗುವ ಸಿರೋಸಿಸ್‌ವರೆಗೆ ಹೋಗುತ್ತದೆ, ಅದೂ ಬಹುಪಾಲು ಇಪ್ಪತ್ತರ ಒಳಗೆ. ಕುಡಿತದ ಕಾಯಿಲೆ ಅಂದುಕೊಂಡಿರುವ ನಮ್ಮ ನೆಂಟರಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಕೆಲಸ.

ಇಂಥ ಲಿವರಿನಲ್ಲೂ ಎಸ್‌ಜಿಪಿಟಿ ಸರಿಯಾಗೇ ಬರಬಹುದು. ಅವಳ ಹಳೇ ರಿಪೋರ್ಟುಗಳಲ್ಲಿ ಅದು ನಾರ್ಮಲ್ಲೇ ಇತ್ತು. ಇಳಿಯುತ್ತಾ ಬಂದದ್ದು ಪ್ಲೇಟ್‌ಲೆಟ್. ಗುಲ್ಮ ದೊಡ್ಡದಾದಾಗ ಪ್ಲೇಟ್‌ಲೆಟ್ ಅಲ್ಲಿ ಸಿಕ್ಕಿಕೊಂಡು ರಕ್ತದಲ್ಲಿ ಕಡಿಮೆ ಆಗುತ್ತದೆ. ಹಾಗಾಗಿ ಒಂದೇ ರಿಪೋರ್ಟು ನೋಡಬೇಡಿ. ವರ್ಷವರ್ಷದ್ದನ್ನು ಸಾಲಾಗಿ ಇಟ್ಟು ನೋಡಿ, ಎರಡು ವರ್ಷಕ್ಕೊಮ್ಮೆಯಾದರೂ ಹೊಟ್ಟೆಯ ಸ್ಕ್ಯಾನು ಕೇಳಿ.

ಮೂರು ಔಷಧಿಯ ಆ ಮಾತ್ರೆ ತಿನ್ನುವ ಮಕ್ಕಳ ತಂದೆತಾಯಿಗೆ ಇನ್ನೂ ಒಂದು. 2024ರ ಕೊನೆಗೆ ಅಮೆರಿಕದಲ್ಲಿ ಇದರ ಮೇಲೆ ಲಿವರ್ ಬಗ್ಗೆ ಅತಿ ಗಂಭೀರ ಎಚ್ಚರಿಕೆ ಹಾಕಿದರು. ಶುರು ಮಾಡುವ ಮೊದಲು ಒಮ್ಮೆ, ಮೊದಲ 6 ತಿಂಗಳು ಪ್ರತಿ ತಿಂಗಳು, ಮುಂದಿನ 12 ತಿಂಗಳು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಲಿವರಿನ ರಕ್ತ ಪರೀಕ್ಷೆ ಎಲ್‌ಎಫ್‌ಟಿ ಮಾಡಿಸಬೇಕು. ಅದಕ್ಕೆ ಬೆಂಗಳೂರಿಗೆ ಬಸ್ಸು ಹತ್ತಬೇಕಿಲ್ಲ. ಸಿಂಧನೂರು, ಗಂಗಾವತಿ ಲ್ಯಾಬುಗಳಲ್ಲೇ ಆಗುತ್ತದೆ, ರಿಪೋರ್ಟು ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು. ಫಂಗಸ್ ಮಾತ್ರೆ ಇಟ್ರಾಕೊನಜೋಲ್, ಆ್ಯಂಟಿಬಯೋಟಿಕ್ ಕ್ಲಾರಿಥ್ರೊಮೈಸಿನ್ ಇದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ, ಅವನ್ನೂ ಕೇಳದೆ ಕೊಡಬೇಡಿ. ಅಮೃತಬಳ್ಳಿ ಕಷಾಯ ಕೂಡ. ಅದರಿಂದ ಲಿವರು ಕೆಟ್ಟ ಪ್ರಕರಣಗಳನ್ನು ಕೊರೊನಾ ಕಾಲದಲ್ಲಿ ಮುಂಬೈ ಡಾಕ್ಟರುಗಳು ವರದಿ ಮಾಡಿದ್ದಾರೆ.

ಈಗ ಮಗಳ ಹಳದಿ ಇಳಿದಿದೆ. ಸಿ.ಎಫ್. ಮಾತ್ರೆಯನ್ನು ಡೋಸ್ ಕಡಿಮೆ ಮಾಡಿ ಮತ್ತೆ ಶುರು ಮಾಡಿದ್ದಾರೆ. ಎಂಡೋಸ್ಕೋಪಿ ಬಾಕಿ ಇದೆ, ಅನ್ನನಾಳದಲ್ಲಿ ರಕ್ತನಾಳ ಉಬ್ಬಿವೆಯೋ ನೋಡಲು. ಆ ಕ್ಲಿನಿಕ್ಕಿನಿಂದ ಕೇಸ್ ಪೇಪರಿನ ಪ್ರತಿ ಕೇಳಿದ್ದೇನೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ, ಇನ್ನೂ ಕೊಟ್ಟಿಲ್ಲ. ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳಿ.