‘ಡೆಸಿಮೇಟ್’ ಪರೀಕ್ಷೆಯಲ್ಲಿ ಪಾಸಾದ ನಿಘಂಟು ಆ್ಯಪ್

ಹೊಸ ನಿಘಂಟು ಆ್ಯಪ್ ಹಾಕಿಕೊಂಡರೆ ನಾನು ಮೊದಲು ಹುಡುಕುವ ಇಂಗ್ಲಿಷ್ ಪದ ‘ಡೆಸಿಮೇಟ್’ (decimate). ಈ ಆ್ಯಪ್ ಅದರಲ್ಲಿ ಚೆನ್ನಾಗಿಯೇ ಪಾಸಾಯಿತು. ಮೂಲ ಲ್ಯಾಟಿನ್‌ನ ‘ಡೆಕೆಮ್’, ಅಂದರೆ ಹತ್ತು. ರೋಮನ್ ಸೇನೆಯಲ್ಲಿ ದಂಗೆ ಎದ್ದ ಅಥವಾ ಹೆದರಿ ಓಡಿದ ತುಕಡಿಯಲ್ಲಿ ಚೀಟಿ ಎತ್ತಿ, ಹತ್ತರಲ್ಲಿ ಒಬ್ಬನನ್ನು ಕೊಲ್ಲಿಸುತ್ತಿದ್ದರು. ಕೊಲ್ಲಬೇಕಾದವರು ಜೊತೆಗಾರರೇ! ಸ್ಪಾರ್ಟಕಸ್ ನಾಯಕತ್ವದ ಗುಲಾಮರ ದಂಗೆಯ ಕಾಲದಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಈ ಹಳೇ ಶಿಕ್ಷೆಯನ್ನು ಮತ್ತೆ ತಂದ ಎಂಬುದೂ ಇದರಲ್ಲಿದೆ. ಉದ್ದ ಭಾಷಣ ಇಲ್ಲ, ನಾಲ್ಕೇ ಸಾಲು.

ಈಗಿನ ಅರ್ಥ ‘ಬಹುಪಾಲು ನಾಶ ಮಾಡು’. ಅದೂ ಸರಿ ಅಂತ ನೇರವಾಗಿ ಹೇಳಿದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಅಂತ ಹಠ ಹಿಡಿಯುವವರಿಗೆ ಸೊಪ್ಪು ಹಾಕಿಲ್ಲ, ಅದು ನನಗೆ ಇಷ್ಟವಾಯಿತು. ಆದರೆ ‘ಪೂರ್ತಿಯಾಗಿ ಡೆಸಿಮೇಟ್ ಆಯಿತು’ ಅಂತ ಬರೆದರೆ ಕಿವಿಗೆ ಒರಟು, ಅಲ್ವಾ? ಆ ಎಚ್ಚರಿಕೆ ಎಲ್ಲೂ ಇಲ್ಲ. ಉದಾಹರಣೆ ವಾಕ್ಯ ಒಂದೇ ಒಂದು, ಅದೂ ಸಪ್ಪೆ.

ಜಾಹೀರಾತು ಜಾಸ್ತಿ. ಪದದ ಮೂಲ ಓದುವಾಗಲೇ ಅಡ್ಡ ಬರುತ್ತವೆ. ಉಚ್ಚಾರಣೆ ಸ್ಪಷ್ಟವಾಗಿದೆ. ಮೂರೂವರೆ ಸ್ಟಾರ್ ಕೊಡುತ್ತೇನೆ, ಅರ್ಧ ಸ್ಟಾರ್ ಕ್ರಾಸಸ್‌ಗಾಗಿ.